ತೆಂಗಿನೆಣ್ಣೆ ಕುಡಿದ ಬ್ಯಾಟು

ನಮ್ಮ ಅಡುಗೆಮನೆಯ ಎರಡನೇ ಡ್ರಾಯರಿನಲ್ಲಿ ಲಟ್ಟಣಿಗೆ, ಜರಡಿ, ಹಿಡಿ ಸಡಿಲವಾದ ಎರಡು ಸೌಟುಗಳ ಜೊತೆ ಒಂದು ಮರದ ಸುತ್ತಿಗೆ ಇದೆ. ಹಿಡಿ ಒಂದು ಗೇಣು, ತಲೆ ಮುಷ್ಟಿಗಾತ್ರ. ಮೊನ್ನೆ ಮಗಳು ಕೇಕಿಗೆ ಬಾದಾಮಿ ಜಜ್ಜಬೇಕೆಂದು ಡ್ರಾಯರು ತಡಕಾಡಿ ಅದನ್ನು ಹೊರಗೆ ತೆಗೆದಳು.

“ಅಮ್ಮಾ, ಇದು ಚಿಕನ್ ಹ್ಯಾಮರಾ?”

ನಾನು ಹಿಟ್ಟಿನ ಕೈಯಲ್ಲೇ ಹೋಗಿ ಅದನ್ನು ಕಿತ್ತುಕೊಂಡೆ. “ಮುಟ್ಬೇಡ. ಅದು ಇಂಟರ್‌ನ್ಯಾಷನಲ್ ಪ್ಲೇಯರಿಂದು.”

“ವಿಚ್ ಪ್ಲೇಯರ್?”

“ಯತೀಶ ಮಾಮಂದು.”

“ಓ, ಹಿಮ್,” ಎಂದು ಅವಳು ಬಾದಾಮಿಯನ್ನು ಮಿಕ್ಸಿಗೆ ಸುರಿದಳು.

ಅವಳಿಗೆ ಯತೀಶ ಮಾಮನೆಂದರೆ ಐಸ್‌ಕ್ರೀಮ್ ಖಾಲಿ ಮಾಡಿ ಬರೀ ಡಬ್ಬಿಯನ್ನು ಮತ್ತೆ ಫ್ರೀಜರಿನಲ್ಲಿ ಇಡುತ್ತಿದ್ದ ಮನುಷ್ಯ. ಅವನು ಒಂದು ದೇಶದ ಟೋಪಿ ಹಾಕಿ ಆಡಿದವನು ಎಂಬುದು ಅವಳ ಮನಸ್ಸಿಗೆ ಹೋಗಿಯೇ ಇಲ್ಲ. ತಪ್ಪು ಅವಳದಲ್ಲ. ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನ ಸಣ್ಣ ಕೋಣೆಯಲ್ಲಿ ಅವನು ನಾಲ್ಕು ವರ್ಷಕ್ಕೂ ಮೇಲೆ ಇದ್ದ. ಅಷ್ಟು ದಿನದಲ್ಲಿ ಅವನು ಆಡುವುದನ್ನು ಅವಳು ನೋಡಿದ್ದು ಕಡಿಮೆ, ತಿನ್ನುವುದನ್ನು ನೋಡಿದ್ದೇ ಹೆಚ್ಚು.

ಕ್ರಿಕೆಟಿನ ಬಗ್ಗೆ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಡುಬಿದ್ರಿಯ ನಮ್ಮ ಮನೆಯ ಎದುರು ಕೊಯ್ಲಾದ ಗದ್ದೆಯಲ್ಲಿ ಅಣ್ಣಂದಿರು ಅಂಡರ್ ಆರ್ಮ್ ಆಡುತ್ತಿದ್ದರು. ಕೈಯನ್ನು ಭುಜದ ಮೇಲೆ ಎತ್ತದೆ, ಕೆಳಗಿನಿಂದಲೇ ಟೆನಿಸ್ ಚೆಂಡು ಎಸೆಯುವ ಆಟ ಅದು. ಬೇರೆ ಊರಿನವರು ಕೇಳಿದರೆ ನಗುತ್ತಾರೆ, ಆದರೆ ನಮ್ಮ ಕರಾವಳಿಯಲ್ಲಿ ಅದಕ್ಕೆ ಮೈಕು, ಪೆಂಡಾಲು, ಆಳೆತ್ತರದ ಟ್ರೋಫಿ ಎಲ್ಲವೂ ಉಂಟು. ನನ್ನನ್ನು ಅಣ್ಣಂದಿರು ಅರ್ಧ ಆಟಗಾರ್ತಿ ಎಂದು ಸೇರಿಸಿಕೊಳ್ಳುತ್ತಿದ್ದರು. ಸೆಗಣಿಯಲ್ಲಿ ಬಿದ್ದ ಚೆಂಡನ್ನು ತೊಳೆದು ಕೊಡುವುದು ನನ್ನ ಪಾಲಿನ ಆಟ. ಅಂಗಳದಲ್ಲಿ ಅಮ್ಮ ಚಾಪೆ ಹಾಸಿ ಹಪ್ಪಳ ಒಣಗಿಸಿರುತ್ತಿದ್ದಳು. ಚೆಂಡು ಹಪ್ಪಳಕ್ಕೆ ಬಿದ್ದರೆ ಹೊಡೆದವನು ಔಟು, ಜೊತೆಗೆ ಬೆನ್ನಿಗೊಂದು ಪೆಟ್ಟು. ಕ್ರಿಕೆಟಿನ ನಿಯಮಗಳಲ್ಲಿ ಇವತ್ತಿಗೂ ನನಗೆ ಸರಿಯಾಗಿ ನೆನಪಿರುವುದು ಇದೊಂದೇ.

ಅಂಥ ಅಂಡರ್ ಆರ್ಮ್ ಟೂರ್ನಮೆಂಟುಗಳ ಹೀರೋ ನಮ್ಮ ಯತೀಶ. ಊರು ಹೆಜಮಾಡಿ. ಲೆದರ್ ಬಾಲಿನಲ್ಲೂ ಚೆನ್ನಾಗಿ ಆಡುತ್ತಿದ್ದನಂತೆ, ಮಂಗಳೂರಿನಲ್ಲಿ ಎರಡು ಶತಕ ಹೊಡೆದಿದ್ದನಂತೆ. ಅಲ್ಲಿಂದ ಮುಂದೆ ಯಾಕೆ ಹೋಗಲಿಲ್ಲ ಎಂದು ಒಮ್ಮೆ ಕೇಳಿದೆ.

“ಬೆಂಗಳೂರಲ್ಲಿ ಟೀಮಿಗೆ ಸೇರ್ಲಿಕ್ಕೆ ಕ್ಯೂ ಉಂಟಲ್ಲ ಅಕ್ಕ, ಅದರ ಬಾಲ ಶಿರಾಡಿ ಘಾಟಿಯಲ್ಲಿ ಉಂಟು,” ಎಂದ. “ನಾನು ಆ ಬಾಲದ ಹಿಂದೆ.”

ಅವನ ಆಸೆ ಬಹಳ ದೊಡ್ಡದೇನಲ್ಲ. ಯಾವ ದೇಶವಾದರೂ ಸರಿ, ಎದೆಯ ಮೇಲೆ ಆ ದೇಶದ ಹೆಸರಿರುವ ಅಂಗಿ ಹಾಕಿ ಒಂದು ಪಂದ್ಯ ಆಡಬೇಕು. ಒಂದೇ ಒಂದು ಸಾಕು. ಅದಕ್ಕಾಗಿ ಇಪ್ಪತ್ತೈದನೇ ವಯಸ್ಸಿಗೆ ದುಬೈಗೆ ಬಂದ. ಗಲ್ಫಿಗೆ ಬರುವವರೆಲ್ಲ ಮನೆ ಕಟ್ಟಲು ಬರುತ್ತಾರೆ, ತಂಗಿಯ ಮದುವೆಗೆ ಬರುತ್ತಾರೆ. ಒಂದು ಟೋಪಿಗಾಗಿ ಬಂದವನನ್ನು ನಾನು ನೋಡಿದ್ದು ಅವನೊಬ್ಬನನ್ನೇ.

ಅವನನ್ನು ಕರೆಸಿಕೊಂಡವರು ಹಾಜಿಯವರು. ಉಳ್ಳಾಲದ ಬ್ಯಾರಿಗಳು, ರಾಸ್ ಅಲ್ ಖೋರಿನಲ್ಲಿ ಅವರದು ಲಾರಿಯ ಬಿಡಿಭಾಗಗಳ ವ್ಯಾಪಾರ. ನಮ್ಮವರು ಅಲ್ಲಿಯೇ ಗೋದಾಮಿನ ಮ್ಯಾನೇಜರು, ಊರ ಕಡೆಯ ಹುಡುಗನೆಂದು ಅವನನ್ನು ನಮ್ಮ ಮನೆಯಲ್ಲೇ ಇರಿಸಿಕೊಂಡರು. ಇಲ್ಲಿ ಕಂಪನಿ ಕಂಪನಿಗಳ ನಡುವೆ ಕ್ರಿಕೆಟ್ ಪಂದ್ಯ ನಡೆಯುತ್ತದೆ, ರಜಾ ದಿನವಾದ ಶುಕ್ರವಾರ ಬೆಳಗಾಯಿತೆಂದರೆ ಮರಳು ಮೈದಾನಗಳಲ್ಲಿ ಅದೇ ಗದ್ದಲ. ಹಾಜಿಯವರಿಗೆ ಅದರ ಹುಚ್ಚು ಎಷ್ಟೆಂದರೆ, ಡ್ರೈವರ್ ಕೆಲಸಕ್ಕೆ ಬಂದವನನ್ನೂ ಲೈಸೆನ್ಸ್ ಕೇಳುವ ಮೊದಲು “ಸ್ಲಿಪ್ಪಲ್ಲಿ ನಿಲ್ತೀಯಾ?” ಎಂದು ಕೇಳುತ್ತಿದ್ದರು. ಯತೀಶನ ವೀಸಾದಲ್ಲಿ ಹುದ್ದೆ ಸ್ಟೋರ್ ಕೀಪರ್ ಎಂದಿತ್ತು. ಒಂದು ವರ್ಷವಾದರೂ ಗೇರ್‌ಬಾಕ್ಸು ಯಾವ ಕಪಾಟಿನಲ್ಲಿದೆ ಎಂಬುದು ಅವನಿಗೆ ಗೊತ್ತಿಲ್ಲ ಎಂದು ನಮ್ಮವರು ಮನೆಗೆ ಬಂದು ಗೊಣಗುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಅವನ ಕಿಟ್ ಬ್ಯಾಗನ್ನು ಎತ್ತಿ ಕಾರಿನ ಡಿಕ್ಕಿಗೆ ಹಾಕುತ್ತಿದ್ದವರೂ ಅವರೇ.

ಹೊರಗಿನಿಂದ ಬಂದವನು ಇಲ್ಲಿಯ ತಂಡಕ್ಕೆ ಆಡಬೇಕಾದರೆ ನಾಲ್ಕು ವರ್ಷ ಇಲ್ಲಿಯೇ ನೆಲೆಸಿರಬೇಕು, ನಡುವೆ ಊರಿಗೆ ಹೋಗಿ ಹೆಚ್ಚು ದಿನ ಕೂರುವ ಹಾಗಿಲ್ಲ ಎಂದು ಆಗ ಅವನು ನಮಗೆ ತಿಳಿಸಿದ್ದ. ಪಾಸ್‌ಪೋರ್ಟು ನಮ್ಮದೇ ಇರಲಿ, ಚಿಂತೆಯಿಲ್ಲವಂತೆ. ಇದು ನನಗೆ ಬಹಳ ಸೋಜಿಗವೆನಿಸಿತ್ತು. ಇಪ್ಪತ್ತು ವರ್ಷದಿಂದ ಇರುವ ನಮಗೆ ವೀಸಾ ಮುಗಿಯುತ್ತ ಬಂದಾಗಲೆಲ್ಲ ಎದೆ ಡವಡವ ಎನ್ನುತ್ತದೆ, ಇವನಿಗೆ ನಾಲ್ಕೇ ವರ್ಷಕ್ಕೆ ದೇಶವೇ ಟೋಪಿ ಹಾಕುತ್ತದೆಯೇ ಎಂದು ನಕ್ಕಿದ್ದೆ. ಆದರೆ ಆ ನಾಲ್ಕು ವರ್ಷ ಸುಲಭದ್ದಲ್ಲ. ಅವನು ಊರಿಗೆ ಹೋದದ್ದು ಒಂದೇ ಸಲ, ಅಣ್ಣನ ಮದುವೆಗೆ, ಒಂಬತ್ತು ದಿನ. ನಾನು ಫ್ರಿಜ್ಜಿನ ಬದಿಗೆ ತೂಗುಹಾಕಿದ್ದ ಊರಿನ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಆ ಒಂಬತ್ತು ದಿನಕ್ಕೂ ಗೀಟು ಹಾಕಿಟ್ಟಿದ್ದೆ. ನಾಲ್ಕು ವರ್ಷ ಮುಗಿಯುವಾಗ ಅವನಿಗೆ ಇಪ್ಪತ್ತೊಂಬತ್ತು. ಆ ವಯಸ್ಸಿನಲ್ಲಿ ಆಟಗಾರನಿಗೆ ಒಂದೊಂದು ವರ್ಷವೂ ಎಷ್ಟು ಮುಖ್ಯವೆಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಂದೆ ಮಾಡಿದ್ದನ್ನು ಮಾಡುವ ಧೈರ್ಯ ಬರುತ್ತಿರಲಿಲ್ಲ.

ಅವಧಿ ಮುಗಿಯಲು ತಿಂಗಳಿರುವಾಗ ಹಾಜಿಯವರು ಅವನಿಗೊಂದು ಬ್ಯಾಟು ತರಿಸಿಕೊಟ್ಟರು. ಇಂಗ್ಲಿಷ್ ವಿಲ್ಲೋ ಮರದ್ದು. ಅಂಥದ್ದೊಂದು ಬ್ಯಾಟನ್ನು ಅವನು ತನ್ನದೆಂದು ಹಿಡಿದದ್ದು ಅದೇ ಮೊದಲು. ತಂದ ದಿನವೇ ಆಡಲಿಕ್ಕಾಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಹೊಸ ಬ್ಯಾಟಿನ ಮರ ಮೆದು, ಹಾಗೆಯೇ ಆಡಿದರೆ ಒಡೆಯುತ್ತದೆ. ಎರಡು ಚಮಚ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಮಲಗಿಸಿಟ್ಟು ಒಣಗಿಸಿ, ಆಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ಸಾವಿರಾರು ಸಲ ತಟ್ಟಿ ತಟ್ಟಿ ಹದಕ್ಕೆ ತರಬೇಕು. ಈ ಸುತ್ತಿಗೆ ಬಂದದ್ದು ಹಾಗೆ. ಎರಡು ಚಮಚ ಎಂದದ್ದು ಮಾತ್ರ ನನಗೆ ಜಿಪುಣತನದ ಹಾಗೆ ಕೇಳಿಸಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮೂರು ವಾರ ನಮ್ಮ ಮನೆಯಲ್ಲಿ ಸಂಜೆಯೆಲ್ಲ ಟಕ್ ಟಕ್ ಟಕ್. ನಾಲ್ಕನೇ ದಿನ ಕೆಳಗಿನ ಫ್ಲ್ಯಾಟಿನ ಈಜಿಪ್ಟಿನ ಮೇಷ್ಟ್ರು ಮೇಲೆ ಬಂದರು. ನಾವು ಮಸಾಲೆ ಕುಟ್ಟುತ್ತಿದ್ದೇವೆ ಎಂದು ಅವರ ಗುಮಾನಿ. ಯತೀಶ ಬ್ಯಾಟನ್ನು ಅವರ ಕೈಗೇ ಕೊಟ್ಟು ವಿವರಿಸಿದ. ಅವರು ಅದನ್ನು ದೋಣಿಯ ಹುಟ್ಟಿನ ಹಾಗೆ ಹಿಡಿದು ನೋಡಿ, ಗಂಭೀರವಾಗಿ ತಲೆಯಾಡಿಸಿ ಹೋದರು. ಅಲ್ಲಿಂದ ಲಿಫ್ಟಿನಲ್ಲಿ ಸಿಕ್ಕಿದಾಗಲೆಲ್ಲ “ಖಲಾಸ್?” ಎಂದು ಕೇಳುವರು. ಮುಗಿದಿಲ್ಲ ಎನ್ನಲು ನಾನು ನನ್ನ ಹರಕು ಅರಬ್ಬಿಯಲ್ಲಿ “ಮಾಫಿ ಖಲಾಸ್” ಎನ್ನುವೆ. ಹತ್ತು ವರ್ಷ ಒಂದೇ ಕಟ್ಟಡದಲ್ಲಿದ್ದರೂ ನಾವು ಮಾತಾಡಲು ಸುರು ಮಾಡಿದ್ದು ಆ ಬ್ಯಾಟಿನಿಂದ.

ಎರಡನೇ ವಾರ ಒಂದು ಸಂಜೆ ನಾನು ಒಳಗೆ ಬಂಗುಡೆ ಮೀನು ತೊಳೆಯುತ್ತಿದ್ದೆ. ಅಲ್ಲಿಂದಲೇ ಹೇಳಿದೆ, “ಬಲಗಡೆ ಅಂಚು ಇನ್ನೂ ಆಗ್ಲಿಲ್ಲ ಯತೀಶ.”

ಟಕ್ ಟಕ್ ನಿಂತಿತು. ಅವನು ಬ್ಯಾಟು ಹಿಡಿದುಕೊಂಡೇ ಅಡುಗೆಮನೆಗೆ ಬಂದ. “ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?”

“ಸದ್ದು ಬೇರೆ ಬರ್ತದಲ್ಲ. ಎಡಗಡೆ ತುಂಬಿದ ಸದ್ದು, ಬಲಗಡೆ ಟೊಳ್ಳು.”

ಇದು ವಿದ್ಯೆಯಲ್ಲ, ಅಜ್ಜಿಯ ಬಳುವಳಿ. ಹಲಸಿನ ಹಣ್ಣನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಹಣ್ಣಾಗಿದೆಯೋ ಎಷ್ಟು ದಿನ ಬೇಕೋ ಎಂದು ಹೇಳುವುದನ್ನು ಅವಳು ನನಗೆ ಏಳನೇ ವಯಸ್ಸಿಗೇ ಕಲಿಸಿದ್ದಳು. ಕರಾಮದ ತರಕಾರಿ ಅಂಗಡಿಯ ಮಲಯಾಳಿ, ನಾನು ರಸ್ತೆ ದಾಟುವುದನ್ನು ಕಂಡರೆ ಹಲಸಿನ ಹಣ್ಣುಗಳನ್ನು ಒಳಗೆ ಸಾಗಿಸುತ್ತಾನೆ. ಒಂದೊಂದನ್ನೂ ತಟ್ಟಿ, ಕಿವಿಯಿಟ್ಟು, ಕೊನೆಗೆ ಒಂದನ್ನೂ ಕೊಳ್ಳದೆ ಬರುವವಳು ನಾನು. ಯತೀಶ ಮಾತ್ರ ಅವತ್ತು ನನ್ನನ್ನು ಹೊಸದಾಗಿ ನೋಡಿದ. ಅಲ್ಲಿಂದ ದಿನಾ ಬ್ಯಾಟು ಅಡುಗೆಮನೆಯ ಬಾಗಿಲಿಗೆ ಬರತೊಡಗಿತು. ನಾನು ಆಗಿದೆ ಎಂದಲ್ಲಿ ಬಿಟ್ಟು, ಆಗಿಲ್ಲ ಎಂದಲ್ಲಿ ತಟ್ಟುತ್ತಿದ್ದ. ಮೂರನೇ ವಾರದ ಕೊನೆಗೆ ನಾನೇ ಆಗಿದೆ ಎಂದು ಸರ್ಟಿಫಿಕೇಟು ಕೊಟ್ಟೆ. ಆಯ್ಕೆ ಮಾಡುವವರ ಎದುರು ಆಡಬೇಕಾದ ಪಂದ್ಯ ಮುಂದಿನ ಶುಕ್ರವಾರ ಇತ್ತು. ಬುಧವಾರ ಆಯುಧ ಪೂಜೆ ಬಂತು.

ಇಲ್ಲಿ ಆಯುಧ ಪೂಜೆ ಎಂದರೆ ಹಾಲ್‌ನ ಟೀಪಾಯಿಯ ಮೇಲೆ ಕಾರಿನ ಕೀಲಿಕೈ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನಮ್ಮವರ ಲ್ಯಾಪ್‌ಟಾಪು, ಮಗಳ ಜಾಮೆಟ್ರಿ ಬಾಕ್ಸು. ಎಲ್ಲಕ್ಕೂ ಕುಂಕುಮ ಇಟ್ಟೆ. ಯತೀಶ ಕೆಲಸಕ್ಕೆ ಹೋಗಿದ್ದ. ಅವನ ಕೋಣೆಯಲ್ಲಿ ಬ್ಯಾಟು ಒಂಟಿಯಾಗಿ ಮಲಗಿತ್ತು. ನಾಲ್ಕು ವರ್ಷ ಕಾದವನ ಆಯುಧಕ್ಕೆ ಪೂಜೆ ಇಲ್ಲವೆಂದರೆ ಹೇಗೆ ಎನಿಸಿತು. ತಂದು ನಡುವೆ ಇಟ್ಟೆ. ಇಟ್ಟ ಮೇಲೆ ನೋಡಿದರೆ ಮರ ಒಣಗಿ ಬಿಳಿಚಿಕೊಂಡ ಹಾಗೆ ಕಂಡಿತು. ಎರಡು ಚಮಚದ ಜಿಪುಣತನ ನೆನಪಾಯಿತು.

ನನ್ನಲ್ಲಿ ಊರಿನಿಂದ ಅಮ್ಮ ಕಳಿಸಿದ ಗಾಣದ ತೆಂಗಿನೆಣ್ಣೆ ಇತ್ತು. ಮಗಳ ತಲೆಗೆ ಮಾತ್ರ ಎಂದು ಬೀಗ ಹಾಕಿ ಇಟ್ಟಂಥದ್ದು. ಅದನ್ನು ಉಗುರು ಬೆಚ್ಚಗೆ ಮಾಡಿ ಬ್ಯಾಟಿಗೆ ಅಭ್ಯಂಜನ ಮಾಡಿಸಿದೆ. ನೆತ್ತಿಯಿಂದ ಪಾದದವರೆಗೆ, ಎಳೆಮಗುವಿಗೆ ಎಣ್ಣೆ ಹಚ್ಚುವ ಹಾಗೆ ಉಜ್ಜಿದೆ. ಕೆಳಗೆ ಇಳಿದದ್ದು ಹಾಳಾಗಬಾರದಲ್ಲ, ಆದ್ದರಿಂದ ಹರಿವಾಣದೊಳಗೆ ನಿಲ್ಲಿಸಿದೆ. ಇನ್ನೂ ಚೆನ್ನಾಗಿ ಇಂಗಲಿ ಎಂದು ಹರಿವಾಣ ಸಮೇತ ಬಾಲ್ಕನಿಯ ಬಿಸಿಲಿಗೆ ಇಟ್ಟೆ. ದುಬೈಯ ಬಿಸಿಲು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ನಾನು ಅದೇ ಬಾಲ್ಕನಿಯಲ್ಲಿ ಒಂದೇ ದಿನಕ್ಕೆ ಸಂಡಿಗೆ ಒಣಗಿಸುವವಳು.

ಸಂಜೆ ಅವನು ಬಂದಾಗ ಬ್ಯಾಟು ಮಿರಮಿರ ಮಿಂಚುತ್ತಿತ್ತು. ಬೆನ್ನಿಗೆ ಕುಂಕುಮ, ಹಿಡಿಗೆ ಒಂದು ಮೊಳ ಮಲ್ಲಿಗೆ. ಅವನು ಬಾಲ್ಕನಿಯ ಬಾಗಿಲಲ್ಲಿ ನಿಂತ. ಹರಿವಾಣವನ್ನು ನೋಡಿದ. ಅದರಲ್ಲಿ ಎಣ್ಣೆ ಒಂದು ತೊಟ್ಟೂ ಉಳಿದಿರಲಿಲ್ಲ.

“ಎಷ್ಟು ಹಾಕಿದ್ರಿ ಅಕ್ಕ?”

“ಎರಡು ಸೌಟು. ಎಲ್ಲ ಕುಡೀತು ನೋಡು. ಇನ್ನೂ ಬೇಕಿತ್ತಾ?”

ಅವನು ಬ್ಯಾಟನ್ನು ಎತ್ತಿದ, ಕೆಳಗಿಟ್ಟ, ಮತ್ತೆ ಎತ್ತಿದ. “ಬೇಡ ಅಕ್ಕ. ಸಾಕು,” ಎಂದ. “ತುಂಬ ಒಳ್ಳೆದಾಯ್ತು.”

ಆಮೇಲೆ ಕೂತು ಕಡಲೆಬೇಳೆ ಪಾಯಸವನ್ನು ಎರಡು ಸಲ ಹಾಕಿಸಿಕೊಂಡು ಉಂಡ. ನನಗೆ ಬಹಳ ಸಮಾಧಾನವಾಯಿತು. ಅವನು ಬೇಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡದ್ದನ್ನು, ಪಂದ್ಯಕ್ಕೆ ನಿದ್ದೆ ಬೇಕು ಎಂದು ಅರ್ಥ ಮಾಡಿಕೊಂಡೆ.

ಶುಕ್ರವಾರ ಮಧ್ಯಾಹ್ನ ನಮ್ಮವರೂ ಅವನೂ ಒಟ್ಟಿಗೆ ಬಂದರು. ನಾನು ಬಾಗಿಲಲ್ಲೇ ಕೇಳಿದೆ.

“ಆಡಿದೆ ಅಕ್ಕ,” ಎಂದ. “ಆದ್ರೆ ಈ ಸಲ ಅವರಿಗೆ ಬೌಲರ್ ಬೇಕಂತೆ. ಬ್ಯಾಟ್ಸ್‌ಮನ್ ಜಾಗ ಇಲ್ವಂತೆ.”

“ಅದನ್ನು ಮೊದಲೇ ಹೇಳ್ಲಿಕ್ಕೆ ಏನಾಗಿತ್ತು ಅವರಿಗೆ?”

“ಹೌದಲ್ಲ,” ಎಂದರು ನಮ್ಮವರು, ಶೂ ಬಿಚ್ಚುತ್ತ, ನನ್ನ ಮುಖ ನೋಡದೆ.

ಆ ಆಯ್ಕೆಗಾರರನ್ನು ನಾನು ಎಷ್ಟು ಬೈದೆನೆಂದರೆ ಅವರಿಗೆ ವಾರಗಟ್ಟಲೆ ಬಿಕ್ಕಳಿಕೆ ಬಂದಿರಬೇಕು. ಪೂಜೆ ಮಾಡಿದ ಬ್ಯಾಟನ್ನು ಹಿಡಿದು ಹೋದವನಿಗೆ ಜಾಗವಿಲ್ಲ ಎಂದವರನ್ನು ಸುಮ್ಮನೆ ಬಿಡಲಾಗುತ್ತದೆಯೇ? ಫೋನಿನಲ್ಲಿ ಅಮ್ಮನಿಗೂ ಹೇಳಿ ಅವಳಿಂದಲೂ ಬೈಸಿದೆ. ಬ್ಯಾಟು ಎಲ್ಲಿ ಎಂದು ಒಂದು ಸಲ ಕೇಳಿದ್ದಕ್ಕೆ ಅವನು ರಾಸ್ ಅಲ್ ಖೋರಿನಲ್ಲಿ ಇಟ್ಟಿದ್ದೇನೆ ಎಂದ. ಗೇರ್‌ಬಾಕ್ಸುಗಳ ನಡುವೆ ಅದಕ್ಕೂ ಒಂದು ಕಪಾಟು ಸಿಕ್ಕಿರಬೇಕೆಂದು ನಾನು ಸುಮ್ಮನಾದೆ. ಮುಂದಿನ ಆಯ್ಕೆಗೆ ಇನ್ನೊಂದು ವರ್ಷ ಕಾಯಬೇಕಿತ್ತು. ಅವನು ಕಾದ.

ಆ ವರ್ಷದ ನಡುವೆ ಅವನು ಕರಾಮಕ್ಕೆ ಹೋದ. ಅಭ್ಯಾಸಕ್ಕೆ ಜೊತೆಯಲ್ಲಿ ಹೋಗುವ ಇಬ್ಬರು ಹುಡುಗರು ಅಲ್ಲಿ ರೂಮು ಮಾಡಿದ್ದರು. ಅವನ ಸಾಮಾನೆಲ್ಲ ಒಂದೇ ಟ್ಯಾಕ್ಸಿಯಲ್ಲಿ ಹಿಡಿಸಿತು. ಸುತ್ತಿಗೆ ಮಾತ್ರ ನಮ್ಮ ಡ್ರಾಯರಿನಲ್ಲಿ ಉಳಿಯಿತು. ಮರೆತು ಹೋದ ಎಂದುಕೊಂಡೆ. ಫ್ರೀಜರಿನಲ್ಲಿ ಐಸ್‌ಕ್ರೀಮಿನ ಡಬ್ಬಿ ತುಂಬಿಯೇ ಇರತೊಡಗಿದಾಗ ಮನೆ ಬಿಕೋ ಎನಿಸಿತು. ಅದನ್ನು ನಾನು ಆಗ ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಎರಡು ತಿಂಗಳಾಗಿರಬೇಕು. ಒಂದು ಸಂಜೆ ಬೆಲ್ಲಾಯಿತು. ಹೊಸ ಬ್ಯಾಟೊಂದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮೆಟ್ರೋ ಹತ್ತಿ ಬಂದಿದ್ದ.

“ಅಕ್ಕ, ಇದನ್ನು ನೀವೇ ತಟ್ಟಿ ಕೊಡ್ಬೇಕು.”

“ಎಂತ ಮಾರಾಯ, ನನಗೆ ಬೇರೆ ಕೆಲಸ ಇಲ್ವಾ?”

“ನಮ್ಮ ರೂಮಲ್ಲಿ ಮೂರು ಜನ, ಜಾಗ ಇಲ್ಲ. ಮತ್ತೆ ನನ್ನ ಕಿವಿಗೆ ನಿಮ್ಮ ಹಾಗೆ ಗೊತ್ತೂ ಆಗುದಿಲ್ಲ.”

“ಆಯ್ತು. ಮೊದಲು ಎಣ್ಣೆ ಹಚ್ಚುವಾ, ತಾ.”

“ಹಚ್ಚಿ ಆಗಿದೆ ಅಕ್ಕ,” ಎಂದ. ಸ್ವಲ್ಪ ಅವಸರದಲ್ಲಿಯೇ ಹೇಳಿದ.

ಸೋಮಾರಿ, ಎಲ್ಲರ ಮೇಲೂ ಕೆಲಸ ಹಾಕುತ್ತಾನೆ ಎಂದು ಬೈದುಕೊಂಡೇ ತಟ್ಟತೊಡಗಿದೆ. ಮಧ್ಯಾಹ್ನ ಧಾರಾವಾಹಿ ನೋಡುತ್ತ ಅರ್ಧ ಗಂಟೆ, ಸಂಜೆ ಅನ್ನ ಬೇಯುವಾಗ ಅರ್ಧ ಗಂಟೆ. ಎರಡು ತಿಂಗಳು. ಧಾರಾವಾಹಿಯಲ್ಲಿ ಅತ್ತೆಯ ಕಾಟ ಹೆಚ್ಚಾದ ದಿನ ಪೆಟ್ಟು ಜೋರಾಗುತ್ತದೆ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಅದು ಸುಳ್ಳು. ನಾನು ಒಂದೊಂದು ಪೆಟ್ಟಿಗೂ ಕಿವಿ ಕೊಡುತ್ತಿದ್ದೆ. ನಡುಭಾಗ ಬೇಗ ಹದವಾಯಿತು, ಅಂಚುಗಳು ಸತಾಯಿಸಿದವು, ಕೆಳಗಿನ ಮೂಲೆಯೊಂದು ಕೊನೆಯವರೆಗೂ ಹಟ ಮಾಡಿತು. ಕೆಳಗಿನ ಮೇಷ್ಟ್ರು ಲಿಫ್ಟಿನಲ್ಲಿ ಮತ್ತೆ “ಖಲಾಸ್?” ಸುರುಮಾಡಿದರು. ಕೊನೆಗೊಂದು ದಿನ ಆ ಮೂಲೆಯೂ ತುಂಬಿದ ಸದ್ದು ಕೊಟ್ಟಿತು. ಫೋನು ಮಾಡಿ ತೆಗೆದುಕೊಂಡು ಹೋಗು ಎಂದೆ.

ಆ ವರ್ಷ ಅವನು ಆಯ್ಕೆಯಾದ. ಸುದ್ದಿ ಬಂದಾಗ ಹಾಜಿಯವರು ಗೋದಾಮಿಗೆಲ್ಲ ಬಿರಿಯಾನಿ ಹಂಚಿದರಂತೆ. ಮೊದಲ ಪಂದ್ಯ ಚಳಿಗಾಲದ ಒಂದು ಶುಕ್ರವಾರ, ಅಬುಧಾಬಿಯಲ್ಲಿ. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಕ್ಕಿತರಿ ಉಂಡೆ ಕಟ್ಟಿ ಪುಂಡಿ ಬೇಯಿಸಿ, ಕೋಳಿ ಸುಕ್ಕ ಮಾಡಿ, ಮಗಳನ್ನು ಎಬ್ಬಿಸಿ ಕಾರಿಗೆ ಹತ್ತಿಸಿದೆ. “ವೈ ಸೋ ಅರ್ಲಿ?” ಎಂದು ಅವಳು ಅಬುಧಾಬಿಯವರೆಗೂ ಗೊಣಗಿದಳು.

ಸ್ಟೇಡಿಯಂ ಅಷ್ಟು ದೊಡ್ಡದು, ಜನ ಅಷ್ಟು ಕಡಿಮೆ. ನಮ್ಮೂರಿನ ಅಂಡರ್ ಆರ್ಮ್ ಫೈನಲಿಗೆ ಇದರ ಹತ್ತರಷ್ಟು ಜನ ಇರುತ್ತಾರೆ. ನಾವು ಹುಲ್ಲಿನ ದಿಬ್ಬದ ಮೇಲೆ ಚಾಪೆ ಹಾಸಿ ಕೂತೆವು. ಹಾಜಿಯವರು ಮೊದಲೇ ಬಂದು ದುರ್ಬೀನು ಹಿಡಿದು ಕೂತಿದ್ದರು. ಜನವಿಲ್ಲದ್ದರಿಂದ ಚೆಂಡು ಬ್ಯಾಟಿಗೆ ತಾಗುವ ಸದ್ದು ದಿಬ್ಬದವರೆಗೂ ಕೇಳುತ್ತಿತ್ತು. ನಮ್ಮ ತಂಡದ ಐದು ವಿಕೆಟ್ ಬಿತ್ತು. ಯತೀಶ ಪ್ಯಾಡು ಕಟ್ಟಿ ಎದ್ದು ನಿಂತದ್ದು ಕಂಡಿತು. ಕೈಯಲ್ಲಿ ನಾನು ತಟ್ಟಿದ ಬ್ಯಾಟು.

ಹಾಜಿಯವರು ದುರ್ಬೀನು ಇಳಿಸಿ ಪುಂಡಿ ಮುರಿಯುತ್ತ ನನ್ನತ್ತ ತಿರುಗಿದರು. “ಈ ಸಲದ ಬ್ಯಾಟ್ ಗಟ್ಟಿ ಉಂಟು ಅಕ್ಕ, ಹೆದರ್ಬೇಡಿ. ಹೋದ ವರ್ಷ ನಿಮ್ಮ ತೆಂಗಿನೆಣ್ಣೆ ಬ್ಯಾಟ್ ಎಣ್ಣೆ ಹೆಚ್ಚಾಗಿ ಮೂರನೇ ಬಾಲಿಗೆ ಬುಡದಿಂದ ಸೀಳಿತಲ್ಲ, ನಾನು ಅಲ್ಲೇ ಇದ್ದೆ. ಪಾಪ, ಯಾರದ್ದೋ ಬ್ಯಾಟ್ ಕೇಳಿ ತಗೊಂಡ. ಅದು ಅವನ ಕೈಗೆ ಕೂರ್ಲಿಲ್ಲ. ಐದು ರನ್ನಿಗೆ ಔಟು.”

ನಾನು ನಮ್ಮವರನ್ನು ನೋಡಿದೆ. ಅವರು ಸ್ಕೋರ್‌ಬೋರ್ಡನ್ನೇ ನೋಡುತ್ತಿದ್ದರು. ಅದರಲ್ಲಿ ಆಗ ಒಂದು ಅಂಕಿಯೂ ಬದಲಾಗುತ್ತಿರಲಿಲ್ಲ.

“ನಿಮಗೆ ಗೊತ್ತಿತ್ತಾ?” ಎಂದೆ.

“ಅವನು ಹೇಳ್ಬೇಡಿ ಭಾವ ಅಂದಿದ್ದ,” ಎಂದರು.

ಹಾಜಿಯವರಿಗೆ ತಾವು ಏನು ಹೇಳಿಬಿಟ್ಟೆವೆಂದು ಆಗ ತಿಳಿಯಿತು. ಪುಂಡಿ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಬೌಲರ್ ಬೇಕಿತ್ತಂತೆ, ಜಾಗವಿರಲಿಲ್ಲವಂತೆ. ನಾಲ್ಕು ವರ್ಷದಲ್ಲಿ ಒಂಬತ್ತೇ ದಿನ ಊರಿನ ಮುಖ ನೋಡಿ ಕಾದವನ ಒಂದು ವರ್ಷವನ್ನು ನಾನು ಎರಡು ಸೌಟು ಎಣ್ಣೆಯಲ್ಲಿ ಅದ್ದಿ ಬಿಸಿಲಿಗೆ ಇಟ್ಟಿದ್ದೆ. ಅವನು ಅದನ್ನು ನೋಡಿ, ತುಂಬ ಒಳ್ಳೆದಾಯ್ತು ಎಂದು ಪಾಯಸ ಉಂಡಿದ್ದ. ಇಷ್ಟು ನೆನೆಯುವಷ್ಟರಲ್ಲಿ ಅವನು ಮೈದಾನದ ನಡುವೆ ಮುಟ್ಟಿದ್ದ. ಈಗ ಅವನ ಕೈಯಲ್ಲಿರುವುದೂ ನನ್ನ ಕೈ ಸೋಕಿದ ಬ್ಯಾಟೇ. ಇದೂ ಸೀಳಿದರೆ?

ಬೌಲರ್ ಓಡಿ ಬಂದ. ನಾನು ಕಣ್ಣು ಮುಚ್ಚಿದೆ. ಆದ್ದರಿಂದ ಯತೀಶನ ಮೊದಲ ಅಂತರರಾಷ್ಟ್ರೀಯ ಚೆಂಡನ್ನು ನಾನು ನೋಡಿಲ್ಲ, ಕೇಳಿದ್ದೇನೆ.

ತುಂಬಿದ ಸದ್ದು. ಬಲಿತು ಹಣ್ಣಾದ ಹಲಸಿನದ್ದು. ಕೆಳಗಿನ ಮೂಲೆ ಹಟ ಬಿಟ್ಟ ದಿನ ನಮ್ಮ ಅಡುಗೆಮನೆಯಲ್ಲಿ ಕೇಳಿದ್ದು ಅದೇ.

ಕಣ್ಣು ತೆರೆದೆ. ಆಮೇಲೆ ಮುಚ್ಚಲಿಲ್ಲ. ಅವನು ಇಪ್ಪತ್ತಮೂರು ರನ್ ಹೊಡೆದ. ಅದರಲ್ಲಿ ಒಂದು ಹೊಡೆತ ಬೌಲರನ ಪಕ್ಕದಿಂದ ನೇರವಾಗಿ ಹೋಗಿ ಹಗ್ಗ ದಾಟಿತು. ಹಾಜಿಯವರು ಎದ್ದು ನಿಂತು ಬ್ಯಾರಿ ಭಾಷೆಯಲ್ಲಿ ಏನೋ ಕೂಗಿದರು. ಪಂದ್ಯವನ್ನು ನಮ್ಮ ತಂಡ ಸೋತಿತು ಎಂದು ನೆನಪು. ಗೆದ್ದಿರಲೂಬಹುದು, ನಮ್ಮವರನ್ನು ಕೇಳಬೇಕು.

ಆಟ ಮುಗಿದ ಮೇಲೆ ಅವನು ಬೇಲಿಯ ಹತ್ತಿರ ಬಂದ. ತಲೆಯ ಮೇಲೆ ಟೋಪಿ, ಎದೆಯ ಮೇಲೆ ದೇಶದ ಹೆಸರು. ಬೇಲಿಯ ಆಚೆ ಅವನು, ಈಚೆ ನಾವು. ನಾನು ಸುಕ್ಕದ ಡಬ್ಬಿ ಕೊಡಲೆಂದು ಹೋದವಳು ಡಬ್ಬಿಯನ್ನು ಹಿಡಿದುಕೊಂಡೇ ನಿಂತೆ. ಅಳು ಬಂದಿತ್ತು.

“ನನಗೆ ಯಾಕೆ ಹೇಳ್ಲಿಲ್ಲ ಯತೀಶ? ನಿನ್ನ ಒಂದು ವರ್ಷ ಹೋಯ್ತಲ್ಲ.”

ಅವನು ಹಾಜಿಯವರನ್ನು ನೋಡಿದ. ಹಾಜಿಯವರು ದುರ್ಬೀನು ಎತ್ತಿ ಆಕಾಶ ನೋಡತೊಡಗಿದರು.

“ಹೇಳಿದ್ರೆ ನೀವು ಈ ಬ್ಯಾಟ್ ಮುಟ್ತಿದ್ರಾ ಅಕ್ಕ?” ಎಂದ ಯತೀಶ. “ಮತ್ತೆ ಇದನ್ನು ಯಾರು ತಟ್ಟುದು?”

ಸುತ್ತಿಗೆಯನ್ನು ಅವನು ಮರೆತು ಹೋದದ್ದಲ್ಲ, ಬಿಟ್ಟು ಹೋದದ್ದು ಎಂದು ಆಗ ಹೊಳೆಯಿತು. ಅವನೇ ಬೇಲಿಯ ಮೇಲಿಂದ ಕೈಚಾಚಿ ನನ್ನ ಕೈಯ ಡಬ್ಬಿಯನ್ನು ತೆಗೆದುಕೊಂಡು, ಅಲ್ಲೇ ಮುಚ್ಚಳ ತೆಗೆದು ಒಂದು ತುಂಡು ಬಾಯಿಗೆ ಹಾಕಿಕೊಂಡ. ಆ ದೇಶದ ಅಂಗಿಗೆ ಸುಕ್ಕದ ಮಸಾಲೆ ಬಿತ್ತು.

ಅವನು ಆಡಿದ್ದು ಒಟ್ಟು ನಾಲ್ಕು ಪಂದ್ಯ. ಐದನೆಯದಕ್ಕೆ ಕರೆ ಬರಲಿಲ್ಲ. ಇಲ್ಲಿಯ ಶಾಲೆಗಳಲ್ಲಿಯೇ ಓದಿ ಬೆಳೆದ ಚುರುಕು ಹುಡುಗರು ಬಂದರು, ಇವನಿಗೆ ಮೂವತ್ತೊಂದು ದಾಟಿತು. ಆ ಹೋದ ವರ್ಷ ಇದ್ದಿದ್ದರೆ ನಾಲ್ಕು ಎಂಟಾಗುತ್ತಿತ್ತೋ ಏನೋ. ನಾನು ಈ ಲೆಕ್ಕವನ್ನು ಆಗಾಗ ಹಾಕುತ್ತೇನೆ. ಅವನು ಹಾಕುವುದಿಲ್ಲ, ನಾನು ಹಾಕಿದರೆ ಬಯ್ಯುತ್ತಾನೆ. ಒಂದು ಸಾಕು ಎಂದು ಬಂದವನು ನಾನು, ನಾಲ್ಕು ಸಿಕ್ಕಿತು ಎನ್ನುತ್ತಾನೆ. ಈಗ ಗೇರ್‌ಬಾಕ್ಸು ಯಾವ ಕಪಾಟಿನಲ್ಲಿದೆ ಎಂಬುದು ಅವನಿಗೆ ಗೊತ್ತು. ರಜಾದಿನಗಳಲ್ಲಿ ಅಲ್ ಕುಸೈಸಿನ ಒಂದು ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ.

ಮಗಳ ಕೈಯಿಂದ ಸುತ್ತಿಗೆ ಕಿತ್ತುಕೊಂಡೆನಲ್ಲ, ಅವತ್ತೇ ಸಂಜೆ ಬೆಲ್ಲಾಯಿತು. ನೋಡಿದರೆ ಯತೀಶ. ಕಂಕುಳಲ್ಲಿ ಬೆಡ್‌ಶೀಟು ಸುತ್ತಿದ ಒಂದು ಬ್ಯಾಟು, ಅಳತೆಯಲ್ಲಿ ಸಣ್ಣದು.

“ನಮ್ಮ ಅಕಾಡೆಮಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ ಅಕ್ಕ,” ಎಂದ. “ಮಲಪ್ಪುರಂ ಕಡೆಯವಳು, ಹನ್ನೆರಡು ವರ್ಷ. ಎಂಥ ಕೈ ಗೊತ್ತುಂಟಾ. ಅವಳದ್ದು ಇದು ಮೊದಲ ಒಳ್ಳೆ ಬ್ಯಾಟ್. ಸ್ವಲ್ಪ ತಟ್ಟಿ ಕೊಡ್ತೀರಾ?”

ನಾನು ಒಳಗೆ ಹೋಗಿ ಎರಡನೇ ಡ್ರಾಯರು ಎಳೆದೆ. ಸುತ್ತಿಗೆ ತೆಗೆಯುತ್ತಿರುವಾಗ ಹಿಂದಿನಿಂದ ಅವನ ದನಿ ಕೇಳಿಸಿತು.

“ಎಣ್ಣೆ ನಾನೇ ಹಚ್ಚಿದ್ದೇನೆ ಅಕ್ಕ.”